ಕವಿಯೂ ನಾಣ್ಯವೂ

ಡಬ್ಲ್ಯು. ಬಿ. ಯೇಟ್ಸನನ್ನು ನಾವು ಬಲ್ಲುದು ಕವಿಯೆಂದು, ಠಾಕೂರರ ‘ಗೀತಾಂಜಲಿ’ಗೆ ಮುನ್ನುಡಿ ಬರೆದ ರಸಿಕನೆಂದು. ಹೊಸದಾಗಿ ಸ್ವತಂತ್ರವಾದ ನಾಡೊಂದರ ನಾಣ್ಯಗಳಿಗೆ ಆತನು ರೂಪು ಕೊಡಿಸಿದನೆಂಬುದನ್ನು ನೆನೆಯುವವರು ವಿರಳ. ಆ ಕಾರ್ಯವೂ ಅವನ ಕಾವ್ಯಸಾಧನೆಯ ಒಂದು ಭಾಗವೆಂದೇ ನನ್ನ ಭಾವನೆ.

1865ರಲ್ಲಿ ಡಬ್ಲಿನ್ನಿನ ಸ್ಯಾಂಡಿಮೌಂಟಿನಲ್ಲಿ ಹುಟ್ಟಿದ ಯೇಟ್ಸ್ ಚಿತ್ರಕಾರನ ಮಗ. ತಾಯಿಯ ತವರಾದ ಸ್ಲೈಗೋ ಪ್ರಾಂತದ ಜನಪದ ಕಥೆಗಳೇ ಅವನ ಕಾವ್ಯದ ಮೊದಲ ಬಂಡವಾಳ. 1904ರಲ್ಲಿ ಲೇಡಿ ಗ್ರೆಗರಿ ಮೊದಲಾದವರೊಡನೆ ಆಬಿ ರಂಗಮಂದಿರವನ್ನು ಸ್ಥಾಪಿಸಿ, ರಾಜ್ಯ ದೊರೆಯುವ ಮುನ್ನವೇ ನಾಡಿಗೊಂದು ರಂಗಭೂಮಿಯನ್ನು ದೊರಕಿಸಿದನು. 1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯದ ಸೆನೆಟ್ ಸದಸ್ಯನಾದನು. ಮರುವರ್ಷ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಆ ಸ್ವಾತಂತ್ರ್ಯದ ಬೆನ್ನಿಗೇ ಅಂತರ್ಯುದ್ಧ ಬಂದಿತ್ತು. ನಿನ್ನೆ ಒಂದಾಗಿ ಹೋರಾಡಿದವರು ಇಂದು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಯೇಟ್ಸನ ಮನೆಯ ಕಿಟಕಿಗೂ ಗುಂಡು ಬಿತ್ತು. 1923ರಲ್ಲಿ ಯುದ್ಧ ನಿಂತರೂ ಗಾಯ ಮಾಯಲಿಲ್ಲ. ಜನರ ಕೈಯಲ್ಲಿ ಓಡಾಡುತ್ತಿದ್ದ ನಾಣ್ಯಗಳ ಮೇಲೆ ಇನ್ನೂ ಇಂಗ್ಲೆಂಡಿನ ದೊರೆಯ ಮುಖವೇ ಇತ್ತು.

1926ರಲ್ಲಿ ಸರ್ಕಾರ ನಾಣ್ಯವಿನ್ಯಾಸ ಸಮಿತಿಯನ್ನು ರಚಿಸಿ, ಯೇಟ್ಸನನ್ನು ಅಧ್ಯಕ್ಷನನ್ನಾಗಿ ಮಾಡಿತು. ಹಾರ್ಪ್ ಎಂಬ ತಂತಿವಾದ್ಯದ ಚಿತ್ರವಿರಬೇಕು, ಬರಹ ಐರಿಷ್ ಭಾಷೆಯಲ್ಲಿರಬೇಕು, ಆಧುನಿಕ ವ್ಯಕ್ತಿಗಳ ಮುಖ ಕೂಡದು ಎಂಬುವು ಅದರ ಮುಂದಿದ್ದ ಕಟ್ಟಳೆಗಳು. ಕೊನೆಯದರಲ್ಲಿ ನನಗೆ ವಿವೇಕ ಕಾಣುತ್ತದೆ. ಒಂದು ಪಕ್ಷದ ಹುತಾತ್ಮ ಇನ್ನೊಂದು ಪಕ್ಷಕ್ಕೆ ದ್ರೋಹಿಯಾಗಿದ್ದ ಕಾಲದಲ್ಲಿ ಯಾರ ಮುಖವನ್ನು ತಾನೇ ಮುದ್ರಿಸಬಹುದು?

ಸಮಿತಿ ಆರಿಸಿದ್ದು ನೆಲದ ಜೀವಿಗಳನ್ನು: ಕುದುರೆ, ಸಾಲ್ಮನ್ ಮೀನು, ಹೋರಿ, ಬೇಟೆನಾಯಿ, ಮೊಲ, ಮರಿಗಳೊಡನೆ ಕೋಳಿ, ಮರಿಗಳೊಡನೆ ಹಂದಿ, ಒಂದು ಕಾಡುಹಕ್ಕಿ. ಹಲವು ಕಲಾವಿದರ ಮಾದರಿಗಳಲ್ಲಿ ಗೆದ್ದವು ಪರ್ಸಿ ಮೆಟ್‌ಕಾಫನವು. ಅವನು ಇಂಗ್ಲೆಂಡಿನವನೆಂಬುದು ಅಡ್ಡಿಯಾಗಲಿಲ್ಲ. ಕೃಷಿ ಇಲಾಖೆಯ ತಜ್ಞರು ಹಂದಿಯ ಮೈಕಟ್ಟು ಸರಿಯಿಲ್ಲವೆಂದು ತಿದ್ದಿಸಿದರು. ಕಲೆಗೆ ಕುಂದಾಯಿತೆಂದು ಯೇಟ್ಸ್ ನೊಂದನು. 1928ರಲ್ಲಿ ನಾಣ್ಯಗಳು ಹೊರಬಂದಾಗ, ಧರ್ಮದ ಚಿಹ್ನೆಯಿಲ್ಲದ ಇವು ಪಾಷಂಡವೆಂದು ಜರೆದವರೂ ಉಂಟು. ಜನ ಮಾತ್ರ ಅವನ್ನು ತಮ್ಮವಾಗಿಸಿಕೊಂಡರು.

1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ ಕವಿಯ ಅವಶೇಷವನ್ನು 1948ರಲ್ಲಿ ಸ್ಲೈಗೋಗೆ ತಂದರು. 1980ರಲ್ಲಿ ಐರ್ಲೆಂಡಿನ ಇಪ್ಪತ್ತು ಪೌಂಡಿನ ನೋಟಿನ ಮೇಲೆ ಅವನ ಮುಖವೇ ಮೂಡಿತು. ಆ ಗೌರವ ಸಲ್ಲತಕ್ಕದ್ದೇ. ಆದರೂ, ಬಡವನ ಅಂಗೈಗೆ ಬಂದ ಒಂದು ಪೆನ್ನಿಯ ಮೇಲೆ ಮರಿಗಳನ್ನು ಕಾಯುತ್ತಿದ್ದ ಆ ಕೋಳಿಯೇ ಅವನ ನಿಜವಾದ ಸ್ಮಾರಕವೆಂದು ನಾನು ತಿಳಿಯುತ್ತೇನೆ.