ಡಿಗ್ರಿ ಇಲ್ಲದ ಪ್ರೊಫೆಸರ್ ಜಾರ್ಜ್ ಬೂಲ್

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆಲ್ಲ ಬೂಲಿಯನ್ ಆಲ್ಜಿಬ್ರಾ ಗೊತ್ತು. ಕೆ-ಮ್ಯಾಪ್ ಹಾಕಿ, ಎರಡು ಗೇಟ್ ಉಳಿಸಿ, ಲ್ಯಾಬ್‌ನಲ್ಲಿ ಎಲ್‌ಇಡಿ ಹತ್ತಿದರೆ ಮುಗೀತು. ಆ ಬೂಲ್ ಯಾರು ಅಂತ ನಮ್ಮಲ್ಲಿ ಹೆಚ್ಚಿನವರು ಕೇಳೋದಿಲ್ಲ. ಕೇಳಿದರೂ ಕೇಂಬ್ರಿಜ್‌ನ ಯಾರೋ ದೊಡ್ಡ ಪ್ರೊಫೆಸರ್ ಇರಬೇಕು ಅಂದ್ಕೊಂಡು ಸುಮ್ಮನಾಗ್ತೀವಿ. ಅವನು ಪ್ರೊಫೆಸರ್ ಆಗಿದ್ದು ನಿಜ. ಆದರೆ ಕೇಂಬ್ರಿಜ್ ಬಿಡಿ, ಯಾವ ಕಾಲೇಜಿನ ಬೆಂಚಿನ ಮೇಲೂ ಅವನು ವಿದ್ಯಾರ್ಥಿಯಾಗಿ ಕೂತವನಲ್ಲ.

ಜಾರ್ಜ್ ಬೂಲ್ ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಅನ್ನೋ ಊರಲ್ಲಿ. ಅಪ್ಪ ಜಾನ್ ಬೂಟು ಹೊಲಿಯುವವರು. ಕೈ ಬೂಟಿನ ಮೇಲೆ, ಮನಸ್ಸೆಲ್ಲ ಟೆಲಿಸ್ಕೋಪು, ಲೆನ್ಸು, ಲೆಕ್ಕದ ಮೇಲೆ. ಅಂಗಡಿ ಹೇಗೆ ನಡೆದಿರುತ್ತೆ ಅಂತ ನೀವೇ ಊಹಿಸಿಕೊಳ್ಳಿ. ಮಗನಿಗೆ ಮೊದಲ ಲೆಕ್ಕ ಹೇಳಿಕೊಟ್ಟಿದ್ದು ಈ ಅಪ್ಪನೇ. ಲ್ಯಾಟಿನ್ ಕಲಿಯೋಕೆ ಊರಿನ ಪುಸ್ತಕದಂಗಡಿಯವರೊಬ್ಬರು ಸಹಾಯ ಮಾಡಿದರು, ಗ್ರೀಕ್ ಅನ್ನು ಹುಡುಗ ತಾನೇ ಕಲಿತ. 14ನೇ ವಯಸ್ಸಿಗೆ ಅವನು ಮಾಡಿದ ಒಂದು ಗ್ರೀಕ್ ಪದ್ಯದ ಅನುವಾದ ಊರಿನ ಪತ್ರಿಕೆಯಲ್ಲಿ ಬಂತು. ಇಷ್ಟು ಚಿಕ್ಕ ಹುಡುಗ ಇದನ್ನ ಮಾಡಿರೋಕೆ ಸಾಧ್ಯವೇ ಇಲ್ಲ ಅಂತ ಒಬ್ಬ ಮೇಷ್ಟ್ರು ತಕರಾರು ತೆಗೆದರು.

16 ತುಂಬೋ ಹೊತ್ತಿಗೆ ಅಪ್ಪನ ವ್ಯಾಪಾರ ಮುಳುಗಿತು. ನಾಲ್ಕು ಮಕ್ಕಳಲ್ಲಿ ಇವನೇ ದೊಡ್ಡವನು. ಮನೆ ನಡೆಸೋಕೆ ಡಾಂಕಾಸ್ಟರ್ ಊರಿನ ಒಂದು ಶಾಲೆಯಲ್ಲಿ ಸಹಾಯಕ ಮೇಷ್ಟ್ರಾಗಿ ಸೇರಿದ. ಗಣಿತದ ಹುಚ್ಚು ಹಿಡಿದಿದ್ದು ಅಲ್ಲಿ. ಯಾಕೆ ಗಣಿತವೇ ಅನ್ನೋದಕ್ಕೆ ಒಂದು ಕಾರಣ ಹೇಳ್ತಾರೆ, ನನಗದು ತುಂಬಾ ಇಷ್ಟ. ಕೈಯಲ್ಲಿ ದುಡ್ಡು ಕಡಿಮೆ. ಬೇರೆ ಪುಸ್ತಕ ವಾರದಲ್ಲಿ ಮುಗಿದುಹೋಗುತ್ತೆ, ಗಣಿತದ ಪುಸ್ತಕ ತಿಂಗಳುಗಟ್ಟಲೆ ಬರುತ್ತೆ. ಅಂದರೆ ಕೊಟ್ಟ ಕಾಸಿಗೆ ಪೂರ್ತಿ ವಸೂಲಿ!

ಅವನು ಹಿಡಿದಿದ್ದು ಲಾಕ್ರ್ವಾ ಬರೆದ ಕ್ಯಾಲ್ಕುಲಸ್ ಪುಸ್ತಕ. ಅದೂ ಫ್ರೆಂಚಿನಲ್ಲಿ. ನಮಗೆ ಪಿಯುಸಿಯಲ್ಲಿ ಕ್ಯಾಲ್ಕುಲಸ್ ಬರೋ ಮುಂಚೆ ಫಂಕ್ಷನ್, ಗ್ರಾಫ್, ಬೈನಾಮಿಯಲ್, ಲಾಗರಿದಮ್ ಅಂತ ಮೆಟ್ಟಿಲು ಕಟ್ಟಿಕೊಟ್ಟಿರ್ತಾರೆ. ಬೋರ್ ಅಂತ ಬೈಕೊಂಡೇ ಹತ್ತಿರ್ತೀವಿ. ಬೂಲ್‌ಗೆ ಆ ಮೆಟ್ಟಿಲು ಯಾರೂ ಕಟ್ಟಿಕೊಡಲಿಲ್ಲ. ಒಂದು ಸಾಲು ಅರ್ಥವಾಗದಿದ್ದರೆ ಯಾರನ್ನ ಕೇಳೋದು? ತಾನೇ ಹಿಂದಕ್ಕೆ ಹೋಗಿ, ಯಾವ ಬೀಜಗಣಿತ ತನಗೆ ಬರ್ತಿಲ್ಲ ಅಂತ ಹುಡುಕಿ, ಅದನ್ನ ಸರಿ ಮಾಡಿಕೊಂಡು, ಮತ್ತೆ ಅದೇ ಸಾಲಿಗೆ ಬರಬೇಕು. ಒಳ್ಳೆ ಮೇಷ್ಟ್ರು ಇಲ್ಲದೆ ಹೀಗೆ ಒಬ್ಬನೇ ಒದ್ದಾಡಿದ್ದರಲ್ಲಿ ಸುಮಾರು ಐದು ವರ್ಷ ಹಾಳಾಯಿತು ಅಂತ ಅವನಿಗೇ ಆಮೇಲೆ ಅನ್ನಿಸಿತ್ತು. ಸ್ವಂತ ಓದಿನಿಂದ ಮೇಲೆ ಬಂದವರ ಕತೆ ಹೇಳುವಾಗ ನಾವು ಈ ಐದು ವರ್ಷವನ್ನ ಮುಚ್ಚಿಡ್ತೀವಿ. ಬೂಲ್ ಮುಚ್ಚಿಡಲಿಲ್ಲ.

ಆ ಶಾಲೆಯ ಕೆಲಸ ಹೆಚ್ಚು ದಿನ ಉಳಿಯಲಿಲ್ಲ. ಭಾನುವಾರವೂ ಗಣಿತ ಮಾಡ್ತಾನೆ ಅನ್ನೋದು ಅವನ ಮೇಲಿದ್ದ ದೂರುಗಳಲ್ಲಿ ಒಂದು. ಇನ್ನೆರಡು ಕಡೆ ಕೆಲಸ ಮಾಡಿ, 1834ರಲ್ಲಿ ಲಿಂಕನ್‌ಗೆ ವಾಪಸ್ ಬಂದು ತನ್ನದೇ ಶಾಲೆ ತೆಗೆದ. ಆಗ ಅವನಿಗೆ 19. ನನ್ನ ವಯಸ್ಸು. ನಾವಿಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಲೆಕ್ಕ ಹಾಕ್ತಾ ಇದೀವಿ.

ಅಷ್ಟರಲ್ಲಿ ಊರಲ್ಲಿ ಲಿಂಕನ್ ಮೆಕ್ಯಾನಿಕ್ಸ್ ಇನ್ಸ್ಟಿಟ್ಯೂಟ್ ಶುರುವಾಗಿತ್ತು. ಹಗಲೆಲ್ಲ ದುಡಿಯೋ ಕುಶಲಕರ್ಮಿಗಳು ಬಂದು ಓದೋಕೆ ಲೈಬ್ರರಿ, ಕೇಳೋಕೆ ಉಪನ್ಯಾಸ. ಇವತ್ತು ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಂತಾರಲ್ಲ, ಕೆಲಸ ಮಾಡ್ಕೊಂಡೇ ಸೇರಿ ಆಲ್ಜಿಬ್ರಾ, ಪ್ರಿಕ್ಯಾಲ್ಕುಲಸ್‌ನಿಂದ ಮತ್ತೆ ಶುರು ಮಾಡಬಹುದಾದ ಜಾಗ, ಅದರ ಅಜ್ಜ ಅಂತ ಇಟ್ಕೊಳ್ಳಿ. ಅದರ ಉಸ್ತುವಾರಿ ಸಿಕ್ಕಿದ್ದು ಬೂಟು ಹೊಲಿಯುವ ಜಾನ್ ಬೂಲ್‌ಗೆ. ಮಗನಿಗೆ ಪುಸ್ತಕದ ಬರ ನೀಗಿತು. 1835ರಲ್ಲಿ ಅಲ್ಲಿ ನ್ಯೂಟನ್ ಬಗ್ಗೆ ಭಾಷಣ ಮಾಡಿದ್ದೂ ಈ 19ರ ಹುಡುಗನೇ. ನ್ಯೂಟನ್ ಕೂಡ ಅದೇ ಲಿಂಕನ್‌ಶೈರ್‌ನವನು. ಗಣಿತ ಬಲ್ಲ ಜಮೀನ್ದಾರ ಸರ್ ಎಡ್ವರ್ಡ್ ಬ್ರೋಮ್‌ಹೆಡ್ ತಮ್ಮ ಪುಸ್ತಕಗಳನ್ನ ಬೂಲ್‌ಗೆ ಎರವಲು ಕೊಡ್ತಿದ್ದರು. ನಮ್ಮ ಸಿಲಬಸ್ಸಿನ ಗ್ರೀನ್ಸ್ ಥಿಯರಮ್‌ನ ಜಾರ್ಜ್ ಗ್ರೀನ್, ನಾಟಿಂಗ್‌ಹ್ಯಾಮ್‌ನ ಗಿರಣಿಯವನು, ಅವನಿಗೂ ಇವರೇ ಆಸರೆ. ಎರಡೂ ಇಂಟರ್ನಲ್ಸ್‌ಗೆ ಒಬ್ಬರೇ ಕಾರಣ!

ಮುಂದೆ ಬೂಲ್ ಹೊಸ ಗಣಿತ ಬರೆದು ಕೇಂಬ್ರಿಜ್‌ನ ಪತ್ರಿಕೆಗೆ ಕಳಿಸೋಕೆ ಶುರು ಮಾಡಿದ. ಸಂಪಾದಕ ಡಂಕನ್ ಗ್ರೆಗರಿ ತಿದ್ದಿ ಬೆಳೆಸಿದ. ಕೇಂಬ್ರಿಜ್‌ಗೇ ಹೋಗಿ ಡಿಗ್ರಿ ಮಾಡಲಾ ಅನ್ನೋ ಯೋಚನೆ ಬಂದಿತ್ತು. ಆದರೆ ಅವನ ಶಾಲೆಯ ಸಂಪಾದನೆ ಮೇಲೇ ಅಪ್ಪ ಅಮ್ಮ ಇದ್ದರು. ಹೋಗಲಿಲ್ಲ. 1844ರಲ್ಲಿ ಒಂದು ಪ್ರಬಂಧಕ್ಕೆ ರಾಯಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಆಗಲೂ ಹಗಲು ಹೊತ್ತು ಅವನು ಮಕ್ಕಳಿಗೆ ಪಾಠ ಹೇಳೋ ಮೇಷ್ಟ್ರೇ. 1847ರಲ್ಲಿ ತರ್ಕವನ್ನು ಬೀಜಗಣಿತ ಮಾಡಿದ ಮೊದಲ ಪುಸ್ತಕ ಬಂತು. ಅದೇ ವರ್ಷ, ಅಂಗಡಿ ಕೆಲಸದವರ ದುಡಿಮೆಯ ಹೊತ್ತು ಕಡಿಮೆಯಾಗಬೇಕು ಅಂತ ಹೋರಾಡ್ತಿದ್ದ ಊರಿನ ಸಂಘದಲ್ಲಿ, ಬಿಡುವಿನ ವೇಳೆಯನ್ನ ಹೇಗೆ ಬಳಸೋದು ಅಂತಲೂ ಉಪನ್ಯಾಸ ಕೊಟ್ಟ. ಇವೆರಡೂ ನನಗೆ ಬೇರೆ ಬೇರೆ ಅನ್ನಿಸೋದಿಲ್ಲ. ಬಿಡುವೇ ಇಲ್ಲದವನು ಆಲ್ಜಿಬ್ರಾ ಕಲಿಯೋದು ಯಾವಾಗ?

ಅವನ ಆಲ್ಜಿಬ್ರಾದ ಜೀವ ಒಂದೇ ಸಮೀಕರಣದಲ್ಲಿದೆ. ಎಕ್ಸ್ ಅಂದರೆ ಬಿಳಿ ವಸ್ತುಗಳನ್ನ ಆರಿಸೋದು ಅಂತಿಟ್ಕೊಳ್ಳಿ. ಬಿಳಿ ವಸ್ತುಗಳೊಳಗೆ ಮತ್ತೆ ಬಿಳಿ ವಸ್ತು ಆರಿಸಿದರೆ ಸಿಗೋದು ಅದೇ ಬಿಳಿ ವಸ್ತುಗಳು. ಅಂದರೆ ಎಕ್ಸ್ ಸ್ಕ್ವೇರ್ ಸಮ ಎಕ್ಸ್. ಹತ್ತನೇ ಕ್ಲಾಸಿನ ವರ್ಗ ಸಮೀಕರಣ, ಬಿಡಿಸಿ ನೋಡಿ. ಉತ್ತರ 0 ಅಥವಾ 1, ಬೇರೆ ಸಂಖ್ಯೆಗೆ ಜಾಗವೇ ಇಲ್ಲ.

1849ರಲ್ಲಿ ಐರ್ಲೆಂಡಿನ ಕಾರ್ಕ್ ಊರಲ್ಲಿ ಹೊಸದಾಗಿ ತೆರೆದ ಕ್ವೀನ್ಸ್ ಕಾಲೇಜಿಗೆ ಬೂಲ್ ಮೊದಲ ಗಣಿತ ಪ್ರೊಫೆಸರ್ ಆದ. ಡಿಗ್ರಿ ಇಲ್ಲದೇ! ಹೊರಗೆ ಭೀಕರ ಬರಗಾಲ ನಾಡನ್ನ ಖಾಲಿ ಮಾಡ್ತಿದ್ದ ಕಾಲ ಅದು. ಒಮ್ಮೆ ಕ್ಲಾಸಿನಲ್ಲಿ ಯೋಚಿಸ್ತಾ ಅತ್ತಿಂದಿತ್ತ ನಡೀತಾನೇ ಇದ್ದನಂತೆ. ಹುಡುಗರು ಬಂದರು, ಕೂತರು, ಒಂದು ಗಂಟೆ ನೋಡಿ ಎದ್ದು ಹೋದರು. ಇವನು ಮನೆಗೆ ಹೋಗಿ, ಇವತ್ತು ಕ್ಲಾಸಿಗೆ ಒಬ್ಬರೂ ಬರಲಿಲ್ಲ ಅಂದನಂತೆ. ಕತೆ ಎಷ್ಟು ನಿಜವೋ, ಆದರೆ ವಿದ್ಯಾರ್ಥಿಗಳ ಮೇಲೆ ಅವನಿಗೆ ಕಾಳಜಿ ಇದ್ದದ್ದಂತೂ ನಿಜ. 1864ರ ನವೆಂಬರ್ 24ರಂದು ಸುರಿಯೋ ಮಳೆಯಲ್ಲಿ ಸುಮಾರು ಮೂರು ಮೈಲಿ ನಡೆದು ಕಾಲೇಜಿಗೆ ಹೋದ. ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದ. ಜ್ವರ ಹಿಡಿದು ನ್ಯುಮೋನಿಯಾ ಆಯಿತು, ಡಿಸೆಂಬರ್ 8ರಂದು ತೀರಿಕೊಂಡ. 49 ವಯಸ್ಸು, ಐದು ಹೆಣ್ಣುಮಕ್ಕಳು.

1937ರಲ್ಲಿ ಎಂಐಟಿಯ ಕ್ಲಾಡ್ ಶಾನನ್ ತನ್ನ ಮಾಸ್ಟರ್ಸ್ ಥೀಸಿಸ್‌ನಲ್ಲಿ ಈ 0, 1ರ ಆಲ್ಜಿಬ್ರಾವನ್ನ ರಿಲೇ ಸ್ವಿಚ್ಚುಗಳಿಗೆ ಹೊಂದಿಸಿದ. ಅಲ್ಲಿಂದ ಮುಂದಿನದು ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲೇ ಇದೆ. ಅದರಲ್ಲಿ ಇಲ್ಲದ್ದು ಮೇರಿಯ ವಿಷಯ. ಬೂಲ್‌ನ ಹೆಂಡತಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್‌ನ ಅಣ್ಣತಮ್ಮಂದಿರ ಮಗಳು. ಮದುವೆಗೆ ಮುಂಚೆ ಅವಳಿಗೆ ಗಣಿತ ಹೇಳಿಕೊಡ್ತಿದ್ದವನೂ ಬೂಲ್. ಗಂಡ ಹೋದಮೇಲೆ ಆಕೆ ಮಕ್ಕಳನ್ನ ಕರಕೊಂಡು ಲಂಡನ್‌ಗೆ ಬಂದಳು, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಲೈಬ್ರರಿಯನ್ ಆದಳು. ದಾರ ಪೋಣಿಸಿ ವಕ್ರರೇಖೆ ಮೂಡಿಸೋ ಕಾರ್ಡುಗಳನ್ನ ಮಕ್ಕಳ ಕೈಗೆ ಕೊಟ್ಟಳು. ಬೀಜಗಣಿತ ಅಂದರೆ ಹೆದರಬೇಡಿ, ಆಟ ಅಂದ್ಕೊಂಡು ಬನ್ನಿ ಅನ್ನೋ ಥರದ ಪುಟ್ಟ ಪುಸ್ತಕವನ್ನ 1909ರಲ್ಲಿ ಬರೆದಳು. ಆಗ ಆಕೆಗೆ 77 ವರ್ಷ.