ತಣ್ಣನೆಯ ಅನಿಲದ ಬೆನ್ನು ಹತ್ತಿದ ವಿ. ರಾಧಾಕೃಷ್ಣನ್

ರಾಧಾಕೃಷ್ಣನ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಶಿಕ್ಷಕರ ದಿನಾಚರಣೆ. ಆದರೆ ನಾನು ಬರೆಯುತ್ತಿರುವುದು ಬೇರೊಬ್ಬ ರಾಧಾಕೃಷ್ಣನ್ ಬಗ್ಗೆ. ಇವರು ಸರ್ ಸಿ.ವಿ. ರಾಮನ್ ಅವರ ಕಿರಿಯ ಮಗ, ಹೆಸರಾಂತ ಖಗೋಳ ವಿಜ್ಞಾನಿ. ಮೊದಲ ಟೆಸ್ಟ್‌ನಲ್ಲಿ ನನಗೆ ಭೌತಶಾಸ್ತ್ರದಲ್ಲಿ ಬಹಳ ಕಡಿಮೆ ಅಂಕ ಬಂದಿತ್ತು. ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಸೇರಿಬಿಡೋಣ ಎಂದು ಅಬ್ಬಾಗೂ ಹೇಳಿದ್ದೆ. ಆಗ ನಮ್ಮ ಫಿಸಿಕ್ಸ್ ಸರ್ ಇವರ ಜೀವನ ಓದಲು ಹೇಳಿದರು.

ರಾಧಾಕೃಷ್ಣನ್ ಹುಟ್ಟಿದ್ದು 1929ರ ಮೇ 18ರಂದು, ಮದ್ರಾಸಿನಲ್ಲಿ. ಮೈಸೂರು ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಆನರ್ಸ್ ಪಡೆದರು. ನನಗೆ ಅಚ್ಚರಿಯಾದದ್ದು ಇಲ್ಲಿ. ನೊಬೆಲ್ ಪಡೆದ ತಂದೆಯ ಮಗ ಪಿಎಚ್.ಡಿ. ಮಾಡಲೇ ಇಲ್ಲ. ಅವರಿಗೆ ಕೈಯಿಂದ ಉಪಕರಣ ಕಟ್ಟುವುದೇ ಓದು. 1950ರ ದಶಕದಲ್ಲಿ ಸ್ವೀಡನ್ನಿಗೆ ಹೋಗಿ ರೇಡಿಯೋ ಖಗೋಳ ವಿಜ್ಞಾನಕ್ಕೆ ಬೇಕಾದ ರಿಸೀವರ್‌ಗಳನ್ನು ಕಟ್ಟಲು ಕಲಿತರು. ಅಲ್ಲಿಂದ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋದರು. ನಂತರ ಹಾಯಿದೋಣಿಯಲ್ಲಿ ಸಾಗರ ದಾಟಿ ಆಸ್ಟ್ರೇಲಿಯಾ ಸೇರಿದರು.

ಆಸ್ಟ್ರೇಲಿಯಾದಲ್ಲಿ ಅವರು ಮಾಡಿದ ಒಂದು ಮುಖ್ಯ ಕೆಲಸ ಹೈಡ್ರೋಜನ್ ಅನಿಲದ ಬಗ್ಗೆ. ನಕ್ಷತ್ರಗಳ ನಡುವಿನ ಜಾಗ ಖಾಲಿಯಲ್ಲ, ಅಲ್ಲಿ ಹೈಡ್ರೋಜನ್ ಇದೆ. ಅದರ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಹೊರಸೂಸುತ್ತದೆ. ಒಂದು ಪರಮಾಣು ತಾನಾಗಿಯೇ ಹೀಗೆ ಮಾಡಲು ಸುಮಾರು 1 ಕೋಟಿ ವರ್ಷ ಬೇಕು. ಪರಮಾಣುಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ನಮಗೆ ಆ ಅಲೆ ಸಿಗುತ್ತದೆ. ದೂರದ ರೇಡಿಯೋ ಮೂಲಗಳ ಮುಂದೆ ಇರುವ ತಣ್ಣನೆಯ ಅನಿಲ ಇದೇ ಅಲೆಯನ್ನು ಹೀರಿಕೊಳ್ಳುತ್ತದೆ. ಹಾಗೆ ಹೀರಿದ್ದನ್ನು ಅಳೆದು ರಾಧಾಕೃಷ್ಣನ್ ಮತ್ತು ಸಂಗಡಿಗರು 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಮೋಡಗಳು ಮೈನಸ್ 200 ಡಿಗ್ರಿಯ ಆಸುಪಾಸಿನಷ್ಟು ತಣ್ಣಗಿವೆ, ಅವುಗಳ ಸುತ್ತಲಿನ ತೆಳು ಅನಿಲ ಬಹಳ ಬಿಸಿ ಎಂಬುದಕ್ಕೆ ಅದು ಬಲ ಕೊಟ್ಟಿತು. ರಾಯಚೂರಿನ ಬೇಸಿಗೆಯಲ್ಲಿ ಕುಳಿತು ಓದುವಾಗ ಆ ಚಳಿಯನ್ನು ಊಹಿಸುವುದೇ ಕಷ್ಟ!

ಈ ತಣ್ಣನೆಯ ಅನಿಲ ಏಕೆ ಮುಖ್ಯ? ಬಿಸಿ ಅನಿಲ ಹರಡುತ್ತದೆ. ತಣ್ಣನೆಯದು ತನ್ನದೇ ಗುರುತ್ವದಿಂದ ಕುಗ್ಗಿ ನಕ್ಷತ್ರವಾಗುತ್ತದೆ. ಅಂದರೆ ಅದು ಗೆಲಾಕ್ಸಿಯ ಬಿತ್ತನೆ ಬೀಜ ಇದ್ದಂತೆ.

1970ರ ನವೆಂಬರ್‌ನಲ್ಲಿ ತಂದೆ ತೀರಿಕೊಂಡರು. 1972ರಲ್ಲಿ ರಾಧಾಕೃಷ್ಣನ್ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1994ರವರೆಗೆ ಅಲ್ಲಿದ್ದು, ಸಂಸ್ಥೆಗೆ ರೇಡಿಯೋ ಖಗೋಳ ವಿಜ್ಞಾನದ ಹೊಸ ದಾರಿ ಹಾಕಿಕೊಟ್ಟರು. ಗೌರಿಬಿದನೂರಿನಲ್ಲಿ ದೂರದರ್ಶಕ ಬಂತು. ಬೆಂಗಳೂರಿನ ಆವರಣದಲ್ಲೇ 10.4 ಮೀಟರ್ ಅಗಲದ ತಟ್ಟೆಯೂ ಎದ್ದಿತು. ಬಿಡುವಿನಲ್ಲಿ ಅವರು ಹಗುರ ವಿಮಾನ, ಹಾಯಿದೋಣಿ ಕಟ್ಟುತ್ತಿದ್ದರು. 2011ರ ಮಾರ್ಚ್ 3ರಂದು ತೀರಿಕೊಂಡಾಗ ನಾವೆಲ್ಲ ತೊಟ್ಟಿಲ ಮಕ್ಕಳು.

ಅವರ ಸಂಸ್ಥೆಯವರು ಮುಂದೆ ಪುಣೆಯ ವಿಜ್ಞಾನಿಗಳ ಜೊತೆ ಸೇರಿ, ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕದಿಂದ ಇನ್ನೂ ದೂರ ನೋಡಿದರು. 45 ಮೀಟರ್ ಅಗಲದ 30 ತಟ್ಟೆಗಳ ದೂರದರ್ಶಕ ಅದು. 7,653 ಗೆಲಾಕ್ಸಿಗಳ ಸಂಕೇತಗಳನ್ನು ಕೂಡಿಸಿ ಸರಾಸರಿ ತೆಗೆದರು. ಸುಮಾರು 800 ಕೋಟಿ ವರ್ಷಗಳ ಹಿಂದೆ ಗೆಲಾಕ್ಸಿಗಳಲ್ಲಿ ಹೈಡ್ರೋಜನ್ ಅನಿಲ ಹೇರಳವಾಗಿತ್ತು, ಆದರೆ ನಕ್ಷತ್ರಗಳು ಹುಟ್ಟುತ್ತಿದ್ದ ವೇಗಕ್ಕೆ ಅದು 100ರಿಂದ 200 ಕೋಟಿ ವರ್ಷಗಳಲ್ಲಿ ಮುಗಿದುಹೋಗುವಂತಿತ್ತು ಎಂದು 2020ರಲ್ಲಿ ಪ್ರಕಟಿಸಿದರು. ಹೊರಗಿನಿಂದ ಅನಿಲ ಸಾಕಷ್ಟು ಬರದಿದ್ದರೆ ನಕ್ಷತ್ರಗಳ ಹುಟ್ಟು ಇಳಿಯಲೇಬೇಕು. ನಿಜವಾಗಿಯೂ ಆಮೇಲೆ ಅದು ಇಳಿಯುತ್ತಲೇ ಬಂದಿದೆ.

ಇದು ನನಗೆ ಬೇಗ ಅರ್ಥವಾಯಿತು. ನಮ್ಮ ಹೊಲ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದಲ್ಲಿದೆ. ನಾಲೆಗೆ ನೀರು ಬಂದರೆ ಭತ್ತ, ಬಾರದಿದ್ದರೆ ಒಣ ನೆಲ. ಗದ್ದೆಯಲ್ಲಿ ನಿಂತ ನೀರು ಎಷ್ಟಿದ್ದರೂ, ಹಿಂದಿನಿಂದ ನೀರು ಹರಿದು ಬರದಿದ್ದರೆ ಬೆಳೆ ಉಳಿಯದು. ಗೆಲಾಕ್ಸಿಯ ಕಥೆಯೂ ಅಷ್ಟೇ.

ಕಳೆದ ರಜೆಯಲ್ಲಿ ದೇವದುರ್ಗದ ಹತ್ತಿರ ನಾನಿಯ ಊರಿಗೆ ಹೋಗಿದ್ದೆ. ರಾತ್ರಿ ಕರೆಂಟ್ ಹೋದಾಗ ಮಾಳಿಗೆಯಿಂದ ಆಕಾಶಗಂಗೆ ಕಂಡಿತು. ನಡುನಡುವೆ ಇದ್ದ ಕಪ್ಪು ಪಟ್ಟೆಗಳನ್ನು ಮೊದಲು ಖಾಲಿ ಜಾಗ ಎಂದುಕೊಂಡಿದ್ದೆ. ಅವು ತಣ್ಣನೆಯ ಅನಿಲ, ಧೂಳಿನ ಮೋಡಗಳು ಎಂದು ನಾನಿಗೆ ತಿಳಿಸಿ ಹೇಳಿದೆ. ಅಂಕ ಕಡಿಮೆ ಬಂದ ವಿಷಯವನ್ನು ಇನ್ನೊಬ್ಬರಿಗೆ ವಿವರಿಸಿದ್ದು ಅದೇ ಮೊದಲು.

ನಾನು ಸೈನ್ಸ್ ಬಿಡಲಿಲ್ಲ. ಎರಡನೇ ಟೆಸ್ಟ್‌ನಲ್ಲೂ ಅಂಕ ಹೇಳಿಕೊಳ್ಳುವಷ್ಟೇನೂ ಬಂದಿಲ್ಲ. ಆದರೂ ಈಗ ಲ್ಯಾಬ್‌ನಲ್ಲಿ ತಂತಿ ಜೋಡಿಸುವ ಕೆಲಸ ಬಂದರೆ ಹಿಂದೆ ಸರಿಯದೆ ನಾನೇ ಮುಂದೆ ನಿಲ್ಲುತ್ತೇನೆ. ಗೆಳೆಯರೇ, ಅಂಕ ನೋಡಿ ದಾರಿ ಬದಲಿಸುವ ಮೊದಲು ಒಮ್ಮೆ ಇವರ ಜೀವನ ಓದಿ.