ಗುರುವನ್ನು ಅರಸಿದ ಗಾಯಕ: ಜೋಸೆಫ್ ಹೈಡನ್

ಭಾನುವಾರದ ಪೂಜೆ ಮುಗಿದು ಜನರು ಚದುರುವ ಹೊತ್ತಿನಲ್ಲಿ ಮಗನನ್ನೋ ಮಗಳನ್ನೋ ಮುಂದಕ್ಕೆ ತಳ್ಳಿಕೊಂಡು ಬರುವ ತಂದೆತಾಯಿಗಳನ್ನು ಧರ್ಮಕೇಂದ್ರದ ಗುರುಗಳೆಲ್ಲರೂ ಬಲ್ಲರು. ಮಗುವಿಗೆ ಒಳ್ಳೆಯ ಕಂಠವಿದೆ, ಪಿಟೀಲನ್ನೋ ಕೀಬೋರ್ಡನ್ನೋ ಕಲಿಸಬಲ್ಲ ಶಿಕ್ಷಕರು ಯಾರಾದರೂ ಇದ್ದರೆ ತಿಳಿಸಬೇಕೆಂದು ಅವರು ಕೇಳುತ್ತಾರೆ. ಉತ್ತರ ಹೇಳುವುದು ಸುಲಭವಲ್ಲ. ನಮ್ಮ ಸಭೆಯಲ್ಲಿ ಗುರು ಎಂದೊಡನೆ ಪೂಜೆಯನ್ನರ್ಪಿಸುವವರೇ ನೆನಪಿಗೆ ಬರುತ್ತಾರೆ. ಆದರೆ ಸಂಗೀತಕ್ಕೂ ಒಬ್ಬ ಗುರು ಬೇಕು, ಅವನು ದೊರಕುವುದು ದುರ್ಲಭ. ಹಾಗೆ ಗುರುವನ್ನರಸಿ ಹಸಿವು ಅವಮಾನಗಳನ್ನು ಸಹಿಸಿದ ಒಬ್ಬ ದೇವಾಲಯದ ಹಾಡುಗಾರ ಹುಡುಗನ ಜೀವನವನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ನಿರೂಪಿಸಬೇಕೆಂಬುದು ನನ್ನ ಬಹುದಿನದ ಬಯಕೆ.

ಜೋಸೆಫ್ ಹೈಡನ್ನರು 1732ರ ಮಾರ್ಚ್ ತಿಂಗಳ ಕೊನೆಯಲ್ಲಿ ಆಸ್ಟ್ರಿಯ ದೇಶದ ರೋರೌ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಮಥಿಯಾಸ್ ಗಾಡಿಯ ಚಕ್ರಗಳನ್ನು ಮಾಡುವ ಕುಶಲಕರ್ಮಿ. ತಾಯಿ ಮದುವೆಗೆ ಮುಂಚೆ ಆ ಊರಿನ ಜಮೀನ್ದಾರರ ಅರಮನೆಯಲ್ಲಿ ಅಡುಗೆಯಾಕೆ. ಹನ್ನೆರಡು ಮಕ್ಕಳಲ್ಲಿ ಜೋಸೆಫ್ ಎರಡನೆಯವನು. ತಂದೆಗೆ ಸ್ವರಲಿಪಿಯ ಒಂದಕ್ಷರವೂ ತಿಳಿಯದಿದ್ದರೂ ಕಿವಿಯಿಂದಲೇ ಹಾರ್ಪ್ ವಾದ್ಯವನ್ನು ಕಲಿತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಅವರು ತಂತಿ ಮೀಟಿದರೆ ಮನೆಮಂದಿಯೆಲ್ಲ ಹಾಡುವರು. ಪುಟ್ಟ ಜೋಸೆಫ್ ಕಡ್ಡಿಯೊಂದನ್ನು ಎಡತೋಳಿಗೆ ಆನಿಸಿ ಇನ್ನೊಂದು ಕಡ್ಡಿಯಿಂದ ಪಿಟೀಲು ಬಾರಿಸುವಂತೆ ಅಭಿನಯಿಸುತ್ತಿದ್ದನು. ಹೈನ್‌ಬುರ್ಗ್ ಪಟ್ಟಣದಲ್ಲಿ ಶಾಲಾ ಉಪಾಧ್ಯಾಯರೂ ದೇವಾಲಯದ ಗಾಯನಕ್ಕೆ ಮುಖ್ಯಸ್ಥರೂ ಆಗಿದ್ದ ಫ್ರಾಂಕ್ ಎಂಬ ಬಂಧು ಒಮ್ಮೆ ಮನೆಗೆ ಬಂದವರು ಆ ಕಡ್ಡಿಯ ಚಲನೆಯಲ್ಲಿ ತಾಳ ತಪ್ಪದಿರುವುದನ್ನು ಕಂಡರು. ಮಗನು ಮುಂದೆ ಗುರುವಾಗಲೆಂಬುದು ತಾಯಿಯ ಆಸೆ. ದೇವಾಲಯದ ಸಂಗೀತ ಕಲಿತರೆ ಅದಕ್ಕೂ ದಾರಿಯಾದೀತೆಂದು ಒಪ್ಪಿಸಿ, ಇನ್ನೂ ಆರು ತುಂಬದ ಬಾಲಕನನ್ನು ಫ್ರಾಂಕ್ ತಮ್ಮೊಂದಿಗೆ ಕರೆದೊಯ್ದರು.

ಈ ಮೊದಲ ಶಿಕ್ಷಕರ ಮನೆಯಲ್ಲಿ ಅನ್ನಕ್ಕಿಂತ ಏಟುಗಳೇ ಹೆಚ್ಚಾಗಿದ್ದವು. ಬಟ್ಟೆಗಳು ಕೊಳೆಯಾಗಿರುತ್ತಿದ್ದವು, ತಾಯಿಯ ಮನೆಯ ಅಚ್ಚುಕಟ್ಟಿಗೆ ಒಗ್ಗಿದ್ದ ಬಾಲಕನಿಗೆ ಅದು ಏಟಿಗಿಂತಲೂ ದುಃಖವನ್ನು ತಂದಿತು. ಆದರೂ ಹಾಡುಗಾರಿಕೆ, ಪಿಟೀಲು, ಹಾರ್ಪ್ಸಿಕಾರ್ಡ್ ಎಂಬ ಮಣೆವಾದ್ಯ, ನಗಾರಿ, ಎಲ್ಲಕ್ಕೂ ಅಲ್ಲಿಯೇ ತಳಹದಿ ಬಿದ್ದಿತು. ಬೆಳೆಗಾಗಿ ಪ್ರಾರ್ಥಿಸುವ ಮೆರವಣಿಗೆಗಳ ವಾರದಲ್ಲಿ ನಗಾರಿಯವನು ತೀರಿಕೊಂಡಾಗ ಹುಡುಗನು ಹಿಟ್ಟಿನ ಬುಟ್ಟಿಯ ಮೇಲೆ ಬಟ್ಟೆ ಬಿಗಿದು ಅಭ್ಯಾಸ ಮಾಡಿಕೊಂಡು ಮೆರವಣಿಗೆಯಲ್ಲಿ ನಗಾರಿ ಬಾರಿಸಿದನಂತೆ. ಹಿಟ್ಟೆಲ್ಲ ಹಾರಿಹೋದದ್ದಕ್ಕೆ ಮನೆಯಲ್ಲಿ ಏನು ದೊರಕಿತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ವಿಯೆನ್ನದ ಸಂತ ಸ್ತೇಫನರ ಪ್ರಧಾನ ದೇವಾಲಯದ ಸಂಗೀತಾಧಿಪತಿ ರಾಯ್ಟರ್ ಎಂಬುವರು ಗಾಯನವೃಂದಕ್ಕೆ ಬಾಲಕರನ್ನು ಹುಡುಕುತ್ತ ಆ ಪಟ್ಟಣಕ್ಕೆ ಬಂದರು. ಜೋಸೆಫನ ಹಾಡನ್ನು ಕೇಳಿ ಮೆಚ್ಚಿ, ಸ್ವರವನ್ನು ಕಂಪಿಸುವ ಟ್ರಿಲ್ ಏಕೆ ಹಾಡುವುದಿಲ್ಲವೆಂದು ವಿಚಾರಿಸಿದರು. ತನ್ನ ಶಿಕ್ಷಕರಿಗೇ ಬಾರದುದನ್ನು ತಾನು ಹೇಗೆ ಹಾಡಲೆಂದು ಹುಡುಗನು ಮರುಪ್ರಶ್ನೆ ಹಾಕಿದನು! ರಾಯ್ಟರರು ಅಲ್ಲಿಯೇ ಅದನ್ನು ಹೇಳಿಕೊಟ್ಟರು, ಹುಡುಗನು ಎರಡು ಮೂರು ಯತ್ನದಲ್ಲಿ ಹಿಡಿದುಕೊಂಡನು. ಜೇಬು ತುಂಬ ಚೆರಿಹಣ್ಣು ಬಹುಮಾನವಾಗಿ ದೊರಕಿತು. ಟ್ರಿಲ್ ಎಂದಾಗಲೆಲ್ಲ ಆ ಹಣ್ಣಿನ ನೆನಪಾಗುವುದೆಂದು ಹೈಡನ್ನರು ವೃದ್ಧಾಪ್ಯದಲ್ಲಿಯೂ ಹೇಳಿಕೊಳ್ಳುತ್ತಿದ್ದರು.

1740ರಲ್ಲಿ ಎಂಟು ವರ್ಷದ ಬಾಲಕನು ವಿಯೆನ್ನ ಸೇರಿದನು. ಅಲ್ಲಿ ಕಳೆದ ಒಂಬತ್ತು ವರ್ಷಗಳಲ್ಲಿ ಉತ್ತಮ ಸಂಗೀತ ಕಿವಿಗೆ ಬಿದ್ದಿತು, ದಿನದಿನವೂ ಪೂಜೆಯಲ್ಲಿ ಹಾಡುವ ಭಾಗ್ಯ ದೊರೆಯಿತು. ಸ್ವರರಚನೆಯ ಶಾಸ್ತ್ರವನ್ನು ಮಾತ್ರ ಕಲಿಸುವವರಿರಲಿಲ್ಲ. ಅಷ್ಟು ವರ್ಷಗಳಲ್ಲಿ ರಾಯ್ಟರರು ಹೇಳಿಕೊಟ್ಟ ಶಾಸ್ತ್ರಪಾಠ ಎರಡೇ ಎಂದು ಹೈಡನ್ನರು ಲೆಕ್ಕವಿಟ್ಟಿದ್ದರು. ಹೆಸರಾಂತ ಶಿಕ್ಷಕರ ಬಳಿ ಮಗುವನ್ನು ಸೇರಿಸಿದೆವೆಂಬ ನೆಮ್ಮದಿ ಎಷ್ಟು ಪೊಳ್ಳಾಗಿರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಹದಿಹರೆಯದಲ್ಲಿ ಕಂಠ ಒಡೆಯಿತು. ಮಹಾರಾಣಿ ಮರಿಯ ತೆರೇಸರು ಆ ಹುಡುಗನ ಹಾಡು ಕೋಳಿಯ ಕೂಗಿನಂತಿದೆ ಎಂದರು. ಅಷ್ಟರಲ್ಲಿ ಮುಂದೆ ಕುಳಿತ ಸಹಪಾಠಿಯ ಜಡೆಯನ್ನು ಹೊಸ ಕತ್ತರಿಯಿಂದ ಕತ್ತರಿಸಿದ ತುಂಟತನವೂ ಸೇರಿಕೊಂಡು, 1749ರಲ್ಲಿ ಬೆತ್ತದೇಟಿನೊಡನೆ ಜೋಸೆಫನನ್ನು ಹೊರಗಟ್ಟಿದರು. ಕೈಯಲ್ಲಿ ಕಾಸಿಲ್ಲ, ಮೂರು ಹಳೆಯ ಅಂಗಿ, ಒಂದು ಸವೆದ ಕೋಟು.

ಮಗನು ಈಗಲಾದರೂ ಗುರುಪಟ್ಟಕ್ಕೆ ಸೇರಲೆಂದು ತಂದೆತಾಯಿಗಳು ಒತ್ತಾಯಿಸಿದರು. ಅವರು ಒಪ್ಪಲಿಲ್ಲ. ನಾನೊಬ್ಬ ಗುರುವಾಗಿ ಹೀಗೆ ಬರೆಯುವುದು ವಿಚಿತ್ರವೆನಿಸಬಹುದು. ಆದರೂ ಅವರು ಒಪ್ಪದಿದ್ದುದೇ ಒಳಿತಾಯಿತೆಂಬುದು ನನ್ನ ಭಾವನೆ. ಹೊಟ್ಟೆಯ ಪಾಡಿಗಾಗಿ ಬರುವವರಿಂದ ಬಲಿಪೀಠಕ್ಕೂ ಹಿತವಿಲ್ಲ, ಅವರಿಗೂ ಹಿತವಿಲ್ಲ.

ಸ್ಪಾಂಗ್ಲರ್ ಎಂಬ ಬಡ ಗಾಯಕರೊಬ್ಬರು ಹೆಂಡತಿ ಮಗುವಿನೊಡನೆ ತಾವಿದ್ದ ಇಕ್ಕಟ್ಟಿನ ಕೋಣೆಯಲ್ಲಿಯೇ ಅವರಿಗೆ ಎಡೆಮಾಡಿಕೊಟ್ಟರು. ಮರುವರ್ಷ ಹೈಡನ್ನರು ಮರಿಯಾತ್ಸೆಲ್ ಎಂಬ ಮಾತೆ ಮರಿಯಮ್ಮನವರ ಪ್ರಸಿದ್ಧ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋದರು. ತಾನು ಹಾಡುವೆನೆಂದು ಅಲ್ಲಿನ ಗಾಯನ ಮುಖ್ಯಸ್ಥರನ್ನು ಬೇಡಿದಾಗ ಅವರು ನಂಬದೆ ಕಳುಹಿಸಿಬಿಟ್ಟರು. ಮರುದಿನ ಹೈಡನ್ನರು ಹಾಡುಗಾರರ ನಡುವೆ ನುಸುಳಿ, ಒಬ್ಬಂಟಿಯಾಗಿ ಹಾಡಬೇಕಾಗಿದ್ದವನ ಕೈಯಿಂದ ಹಾಳೆಯನ್ನು ಕಸಿದುಕೊಂಡು ತಾವೇ ಹಾಡಿದರು. ಎಲ್ಲರೂ ಬೆರಗಾದರು, ಅವರನ್ನು ಅಲ್ಲಿಯೇ ಒಂದು ವಾರ ಉಳಿಸಿಕೊಂಡು ಉಣಬಡಿಸಿದರು. ನಮ್ಮ ಗಾಯನ ಮಂಡಳಿಯವರು ಇದನ್ನು ಅನುಕರಿಸಬಾರದೆಂದು ಇಲ್ಲಿಯೇ ಕೇಳಿಕೊಳ್ಳುತ್ತೇನೆ.

ವಿಯೆನ್ನಕ್ಕೆ ಹಿಂದಿರುಗಿ ಸಂತ ಮಿಖಾಯೇಲರ ದೇವಾಲಯದ ಪಕ್ಕದ ದೊಡ್ಡ ಮನೆಯೊಂದರ ಮೇಲ್ಛಾವಣಿಯ ಕೆಳಗೆ ಕೋಣೆ ಹಿಡಿದರು. ಚಳಿಗಾಲದಲ್ಲಿ ಬೆಂಕಿಯಿಲ್ಲ. ಹುಳು ತಿಂದ ಹಳೆಯ ಮಣೆವಾದ್ಯವೊಂದಿತ್ತು. ಅದರ ಮುಂದೆ ಕುಳಿತಾಗ ಯಾವ ಅರಸನ ಭಾಗ್ಯವೂ ಅವರಿಗೆ ಬೇಕೆನಿಸುತ್ತಿರಲಿಲ್ಲ. ಜೀವನೋಪಾಯಕ್ಕೆ ತಾವೇ ಮನೆಪಾಠ ಹೇಳತೊಡಗಿದರು. ತಿಂಗಳಿಗೆ ಮೊದಮೊದಲು ಎರಡು ಗುಲ್ಡನ್, ಆಮೇಲೆ ಐದು. ಭಾನುವಾರ ಬೆಳಗಾದರೆ ಕರುಣೆಯ ಸಹೋದರರ ದೇವಾಲಯದಲ್ಲಿ ಪಿಟೀಲು, ಅಲ್ಲಿಂದ ಶ್ರೀಮಂತರೊಬ್ಬರ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್, ಬಳಿಕ ಸಂತ ಸ್ತೇಫನರ ದೇವಾಲಯದಲ್ಲಿ ಹಾಡು. ರಾತ್ರಿಯಲ್ಲಿ ಅಧ್ಯಯನ. ಗುರುವಿಲ್ಲದ ಆ ರಾತ್ರಿಗಳಲ್ಲಿ ಅವರಿಗೆ ಆಸರೆಯಾದುದು ಫೂಕ್ಸ್ ಎಂಬ ಸಂಗೀತಾಚಾರ್ಯರು 1725ರಲ್ಲಿ ಲತೀನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥ. ಒಂದು ಸ್ವರಪಂಕ್ತಿಗೆ ಇನ್ನೊಂದನ್ನು ಎದುರಾಗಿ ಹೆಣೆಯುವ ಕೌಂಟರ್‌ಪಾಯಿಂಟ್ ವಿದ್ಯೆಯನ್ನು ಆ ಗ್ರಂಥವು ಗುರುಶಿಷ್ಯರ ಸಂವಾದದ ರೂಪದಲ್ಲಿ ಬೋಧಿಸುತ್ತದೆ. ಅದರಲ್ಲಿನ ಶಿಷ್ಯನ ಹೆಸರೂ ಜೋಸೆಫನೇ!

ಆದರೆ ಪುಸ್ತಕವು ತಪ್ಪನ್ನು ತಿದ್ದಲಾರದು. ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಮೆತಸ್ತಾಸಿಯೋ ಎಂಬ ಪ್ರಖ್ಯಾತ ಇಟಾಲಿಯನ್ ಕವಿ ವಾಸವಾಗಿದ್ದರು. ಅವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಮರಿಯಾನ ಮಾರ್ತಿನೆಸ್ ಎಂಬ ಬಾಲಕಿಗೆ ಮಣೆವಾದ್ಯವನ್ನು ಕಲಿಸುವ ಕೆಲಸ ಹೈಡನ್ನರಿಗೆ ದೊರೆಯಿತು; ಪ್ರತಿಯಾಗಿ ಊಟ. ಆ ಬಾಲಕಿಯೂ ಮುಂದೆ ಹೆಸರಾಂತ ಸಂಗೀತ ರಚನೆಗಾರ್ತಿಯಾದಳು. ಅವಳಿಗೆ ಹಾಡುಗಾರಿಕೆ ಕಲಿಸಲು ಬರುತ್ತಿದ್ದವರು ನಿಕೋಲ ಪೋರ್ಪೊರ. ನೇಪಲ್ಸಿನವರು, ಅರವತ್ತೈದು ದಾಟಿದವರು. ಯೂರೋಪಿನ ಅರಸರು ಕಿವಿಗೊಡುತ್ತಿದ್ದ ಗಾಯಕ ಫಾರಿನೆಲ್ಲಿಯವರನ್ನು ತಯಾರಿಸಿದವರು. ಪಾಠದ ಹೊತ್ತಿನಲ್ಲಿ ಹೈಡನ್ನರು ಜೊತೆಗೆ ವಾದ್ಯ ನುಡಿಸುತ್ತ, ತಾನು ಇಷ್ಟು ವರ್ಷ ಅರಸಿದ ಗುರು ಈತನೇ ಎಂಬುದನ್ನು ಅರಿತರು.

ಶುಲ್ಕ ಕೊಡಲು ಹಣವಿರಲಿಲ್ಲ. ದೇಹವಿತ್ತು. ಮುದುಕರ ಕೋಟನ್ನು ಕೊಡವಿದರು, ಬೂಟುಗಳಿಗೆ ಮೆರುಗು ಹಾಕಿದರು, ಕೃತಕ ಕೇಶದ ಟೋಪಿಯನ್ನು ಓರಣ ಮಾಡಿದರು. ಮಾನ್ನೆರ್ಸ್‌ಡಾರ್ಫ್ ಎಂಬ ಸ್ನಾನಕ್ಷೇತ್ರಕ್ಕೆ ಪೋರ್ಪೊರರು ಹೋದಾಗ ಹಿಂದೆ ಹೋಗಿ ಸೇವಕರ ಪಂಕ್ತಿಯಲ್ಲಿ ಕುಳಿತು ಉಂಡರು. ಕತ್ತೆ, ಪೋಕರಿ ಎಂಬ ಬೈಗುಳ ನಿತ್ಯದ ಮಾತು. ತಪ್ಪು ನುಡಿಸಿದಾಗ ಪಕ್ಕೆಗೆ ತಿವಿತ. ಇಷ್ಟಾದರೂ ಅಲ್ಲಿ ದೊರೆತ ಪಾಠಕ್ಕೆ ಹೊತ್ತುವೇಳೆ ಇರಲಿಲ್ಲ. ತಾವು ರಚಿಸಿದುದನ್ನು ಮುಂದಿಟ್ಟರೆ ಮುದುಕರು ಗೊಣಗುತ್ತ ತಿದ್ದುವರು. ಆ ತಿದ್ದುಪಡಿಯೇ ಪಾಠ. ಮಾನವ ಕಂಠವು ಎಲ್ಲಿ ಉಸಿರೆಳೆಯಬೇಕು, ಪದದ ಯಾವ ಅಕ್ಷರದ ಮೇಲೆ ಸ್ವರ ನಿಲ್ಲಬೇಕು ಎಂಬುದನ್ನೂ, ಇಟಾಲಿಯನ್ ಭಾಷೆಯನ್ನೂ ಹೈಡನ್ನರು ಅಲ್ಲಿ ಕಲಿತರು. ಸ್ವರರಚನೆಯ ನಿಜವಾದ ಅಡಿಪಾಯ ತಮಗೆ ಪೋರ್ಪೊರರಿಂದಲೇ ಬಂದಿತೆಂದು 1776ರಲ್ಲಿ ಬರೆದ ಆತ್ಮವೃತ್ತಾಂತದಲ್ಲಿ ಅವರು ಸ್ಪಷ್ಟವಾಗಿ ನಮೂದಿಸಿದ್ದಾರೆ. ಮಗುವಿಗೆ ಇಂಥ ಶಿಕ್ಷಕರನ್ನು ನಾನು ಇಂದು ಯಾರಿಗೂ ಸೂಚಿಸಲಾರೆ. ಹೈಡನ್ನರು ಬಾಲಕರಾಗಿರಲಿಲ್ಲ, ಏನು ಬೇಕೆಂಬುದನ್ನು ತಿಳಿದು ತಾವೇ ಆರಿಸಿಕೊಂಡ ಇಪ್ಪತ್ತು ದಾಟಿದ ಯುವಕರಾಗಿದ್ದರು ಎಂಬ ಭೇದವನ್ನು ಮರೆಯಬಾರದು.

ಮುಂದಿನದು ಲೋಕಕ್ಕೆ ತಿಳಿದ ಕಥೆ. 1761ರಲ್ಲಿ ಎಸ್ಟರ್‌ಹಾಜಿ ರಾಜಮನೆತನದ ಸೇವೆ ಸೇರಿ ಸುಮಾರು ಮೂವತ್ತು ವರ್ಷ ಅಲ್ಲಿ ಸಂಗೀತವನ್ನು ನಡೆಸಿದರು. ನೂರಕ್ಕೂ ಮಿಕ್ಕಿ ಸಿಂಫೊನಿಗಳು, ಎರಡು ಲಂಡನ್ ಯಾತ್ರೆಗಳು, ಪೂಜಾಗಾಯನಗಳು, ಸೃಷ್ಟಿಯ ಕಥೆಯನ್ನು ಹಾಡುವ ಮಹಾಕೃತಿ. ಹಸ್ತಪ್ರತಿಗಳ ಆರಂಭದಲ್ಲಿ ಪ್ರಭುವಿನ ನಾಮವನ್ನೂ ಅಂತ್ಯದಲ್ಲಿ ದೇವರಿಗೆ ಸ್ತುತಿಯನ್ನೂ ಬರೆಯುವುದು ಅವರ ವಾಡಿಕೆ. ರಚನೆ ಮುಂದುವರಿಯದಿದ್ದರೆ ಜಪಮಾಲೆ ಹಿಡಿದು ಕೋಣೆಯಲ್ಲಿ ಅಡ್ಡಾಡುತ್ತಿದ್ದರು.

ಗುರುವಾಗಿ ಅವರು ಹೇಗಿದ್ದರು? ಪ್ಲೆಯೆಲ್ ಎಂಬ ಶಿಷ್ಯರು ಅವರ ಮನೆಯಲ್ಲಿಯೇ ಇದ್ದು ಕಲಿತರು. 1792ರಲ್ಲಿ ಲಂಡನ್ನಿನ ಎದುರಾಳಿ ಸಂಗೀತ ಸಂಸ್ಥೆಯೊಂದು ಆ ಶಿಷ್ಯನನ್ನೇ ಗುರುವಿನ ವಿರುದ್ಧ ಕರೆತಂದಾಗಲೂ ಇಬ್ಬರ ಸ್ನೇಹ ಮುರಿಯಲಿಲ್ಲ. ಆದರೆ ಅದೇ ವರ್ಷದ ಕೊನೆಗೆ ಬೋನ್ ನಗರದಿಂದ ಬಂದ ಬೆಥೋವೆನ್ನರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಆಗ ಹೈಡನ್ನರಿಗೆ ಅರವತ್ತು, ಶಿಷ್ಯನಿಗೆ ಇಪ್ಪತ್ತೆರಡು. ಅತ್ಯಲ್ಪ ಶುಲ್ಕಕ್ಕೆ ಪಾಠ ನಡೆಯಿತು. ಬೆಥೋವೆನ್ನರ ಅಭ್ಯಾಸದ ಹಾಳೆಗಳಲ್ಲಿ ಇನ್ನೂರ ನಲವತ್ತಕ್ಕೂ ಹೆಚ್ಚು ಲೆಕ್ಕಗಳು ಉಳಿದಿವೆ. ಹೈಡನ್ನರ ಕೈ ತಿದ್ದಿರುವುದು ನಲವತ್ತೆರಡನ್ನು ಮಾತ್ರ. ಲಂಡನ್ನಿನ ಮುಂದಿನ ಪ್ರವಾಸಕ್ಕೆ ಸಿಂಫೊನಿಗಳನ್ನು ಸಿದ್ಧಪಡಿಸುವ ಭರದಲ್ಲಿ ಗುರುವಿನ ಗಮನ ಎತ್ತಲೋ ಇತ್ತು. ತಾನು ಗುಟ್ಟಾಗಿ ಆ ಲೆಕ್ಕಗಳನ್ನು ತಿದ್ದಿಕೊಡುತ್ತಿದ್ದೆನೆಂದು ಶೆಂಕ್ ಎಂಬ ಸಂಗೀತಗಾರರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಶಿಷ್ಯನೂ ಪ್ರಾಮಾಣಿಕನಾಗಿರಲಿಲ್ಲ: ಹೊಸದೆಂದು ತೋರಿಸಿದ ಕೃತಿಗಳನ್ನು ನಂಬಿ ಹೈಡನ್ನರು ಬೋನ್ ನಗರದ ಪ್ರಭುವಿಗೆ ಕಳುಹಿಸಿ ಹೆಚ್ಚಿನ ವೇತನ ಕೇಳಿದರೆ, ಅವುಗಳಲ್ಲಿ ಹೆಚ್ಚಿನವು ಇಲ್ಲಿಯೇ ರಚಿಸಿದವೆಂಬ ಖಾರವಾದ ಉತ್ತರ ಬಂದಿತು. ಪೋರ್ಪೊರರು ಬೈಯುತ್ತಲಾದರೂ ತಿದ್ದಿದರು; ಹೈಡನ್ನರು ಪ್ರೀತಿಯಿಂದ ಮಾತನಾಡಿಸಿ ತಿದ್ದದೆ ಬಿಟ್ಟರು. ಅವರನ್ನು ಎಷ್ಟು ಗೌರವಿಸಿದರೂ ಇದನ್ನು ಮರೆಮಾಚಲು ನನಗೆ ಮನಸ್ಸಿಲ್ಲ.

1808ರ ಮಾರ್ಚ್ 27ರಂದು ವಿಯೆನ್ನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಸೃಷ್ಟಿಗಾನ ನಡೆದಾಗ ವೃದ್ಧರನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದರು. ಬೆಥೋವೆನ್ನರೂ ಅಲ್ಲಿದ್ದರು, ಬಾಗಿ ಗುರುವಿನ ಕೈಗೆ ಮುತ್ತಿಟ್ಟರು. ಮರುವರ್ಷ ಮೇ 31ರಂದು, ನೆಪೋಲಿಯನ್ನನ ಸೈನ್ಯ ನಗರವನ್ನು ಹಿಡಿದಿದ್ದ ದಿನಗಳಲ್ಲಿ, ಹೈಡನ್ನರು ದೈವಾಧೀನರಾದರು. ಹೈನ್‌ಬುರ್ಗಿನ ಆ ಏಟಿನ ಉಪಾಧ್ಯಾಯರ ಮಗಳಿಗೂ ಅವರು ಮರಣಶಾಸನದಲ್ಲಿ ಹಣ ಬರೆದಿಟ್ಟಿದ್ದರು.

ಕೊನೆಗಾಲದ ಇನ್ನೊಂದು ಸಂಗತಿ ಉಂಟು. ಹದಿನೇಳರ ಹರೆಯದಲ್ಲಿ, ಕಲಿಸುವವರು ಯಾರೂ ಇಲ್ಲದಿದ್ದಾಗ, ಅವರು ಒಂದು ಪುಟ್ಟ ಪೂಜಾಗಾಯನವನ್ನು ರಚಿಸಿದ್ದರು. ಕಳೆದುಹೋಗಿದ್ದ ಅದು ಐವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಅವರ ಕೈಗೆ ಮರಳಿ ಸಿಕ್ಕಿತು. ಮುದುಕರು ಅದರ ರಾಗವನ್ನೂ ಎಳೆಯ ವಯಸ್ಸಿನ ಹುರುಪನ್ನೂ ಕಂಡು ಸಂತೋಷಪಟ್ಟು, ಕುಳಿತು ಅದಕ್ಕೆ ಊದುವ ವಾದ್ಯಗಳನ್ನು ಸೇರಿಸಿದರು.